ಮೂವತ್ತಾರರ ಕಾರ್ಡು

ಬೀಗ ತೆಗೆಯುವ ಮೊದಲು ಮಹೇಶಕುಮಾರ ಅದನ್ನೊಮ್ಮೆ ಎಳೆದು ನೋಡಿದ. ನಿನ್ನೆ ಸಂಜೆ ತಾನೇ ಹಾಕಿ, ತಾನೇ ಎಳೆದು ನೋಡಿ ಹೋಗಿದ್ದ ಬೀಗ. ಆದರೂ ಇದನ್ನು ಯಾರೋ ಮುಟ್ಟಿದ್ದಾರೆ ಎಂಬುದು ಮೊದಲು ಕೈಗೆ ಅನ್ನಿಸಿತು, ತಲೆಗೆ ಆಮೇಲೆ. ಸೇಡಂನ ಈ ಹೊಲಿಗೆ ತರಬೇತಿ ಕೇಂದ್ರಕ್ಕೆ ಇರುವುದು ಎರಡೇ ಕೀಲಿಕೈ. ಒಂದು ಅವನ ಜೇಬಿನಲ್ಲಿ, ಇನ್ನೊಂದು ವಾಡಿಯಿಂದ ಬೆಳಗಿನ ಪ್ಯಾಸೆಂಜರ್ ಗಾಡಿಯಲ್ಲಿ ಬರುವ ಸಂಘಪಾಲನ ಜೇಬಿನಲ್ಲಿ. ಗಾಡಿ ಇನ್ನೂ ಚಿತ್ತಾಪುರ ದಾಟಿರಲಿಕ್ಕಿಲ್ಲ. ಆ ಅಂದಾಜಿನ ಮೇಲೆಯೇ ಅವನು ಇಷ್ಟು ಬೇಗ ಬಂದಿದ್ದ. ಒಳಗೆ ಹೋಗಿ ಕಿಟಕಿ ತೆರೆದ. ಕೋಡ್ಲಾ ಕಡೆಯ ಸಿಮೆಂಟ್ ಕಾರ್ಖಾನೆಯಿಂದ ಗಾಳಿ ತಂದ ಬೂದು ಧೂಳು ಹೊಲಿಗೆ ಯಂತ್ರಗಳ ಮೇಲೆ ತೆಳ್ಳಗೆ ಕೂತಿತ್ತು. ಎಲ್ಲಿಯಾದರೂ ಬೆರಳಿನ ಗುರುತು ಇದೆಯೇ ಎಂದು ಬಗ್ಗಿ ಬಗ್ಗಿ ನೋಡಿದ. ಇರಲಿಲ್ಲ. ಸಮಾಧಾನವಾಗಬೇಕಿತ್ತು. ಬದಲಿಗೆ, ಗುರುತು ಬಿಡದೆ ಕೆಲಸ ಮಾಡುವುದು ಗೊತ್ತಿದ್ದವನು ಎಂದುಕೊಂಡ.

ಕೋಣೆಯ ನಡುವೆ ಆ ಮೇಜು ಇತ್ತು. ಶಹಾಬಾದಿನ ಕಲ್ಲಿನ ಅಗಲವಾದ ಹಾಸು, ಕೆಳಗೆ ಕಬ್ಬಿಣದ ಕಾಲು, ಮೇಲೆ ಬಿಳಿ ಬಣ್ಣ. ಅದರ ನೆತ್ತಿಯ ಮೇಲೆ, ಛಾವಣಿಯಿಂದ ಇಳಿಬಿಟ್ಟ ಚೌಕಟ್ಟಿನಲ್ಲಿ ಒಂದು ಪ್ರೊಜೆಕ್ಟರು, ಪಕ್ಕದಲ್ಲಿ ಹೆಬ್ಬೆಟ್ಟಿನಷ್ಟು ಒಂದು ಕ್ಯಾಮೆರಾ, ಎರಡೂ ಮುಖ ಕೆಳಗೆ ಮಾಡಿಕೊಂಡು. ಮೇಜಿನ ಮೇಲೆ ಅರಿವೆ ಹಾಸಿ ಬದಿಗೆ ಒಂದು ಕಾರ್ಡು ಇಟ್ಟರೆ ಸಾಕು. ಕಾರ್ಡಿನ ಮೇಲೆ ಎದೆಯ ಅಳತೆ ಮೂವತ್ತಾರು ಎಂದಿದ್ದರೆ ಮೂವತ್ತಾರರ ಜಂಪರಿನ ಗೆರೆ ಬೆಳಕಾಗಿ ಅರಿವೆಯ ಮೇಲೆ ಬೀಳುತ್ತದೆ. ತೋಳಿನ ಕಾರ್ಡು ಇಟ್ಟರೆ ತೋಳು. ಕಾರ್ಡು ತಿರುಗಿಸಿದರೆ ಗೆರೆಯೂ ತಿರುಗುತ್ತದೆ. ಆ ಬೆಳಕಿನ ಮೇಲೆ ಬಳಪ ಎಳೆದು ಕತ್ತರಿ ಹಾಕುವುದು. ಕಲಿಯಲು ಬರುವ ಹೆಣ್ಣುಮಕ್ಕಳು ಕಂಪ್ಯೂಟರಿನ ಪರದೆ ನೋಡುವುದೇ ಇಲ್ಲ, ಅರಿವೆ ನೋಡುತ್ತಾರೆ. ಅಂಕಿ ಮನುಷ್ಯರಿಗಾಗಿ ಬರೆದದ್ದು. ಕ್ಯಾಮೆರಾ ಓದುವುದು ಕಾರ್ಡಿನ ಮೂಲೆಗಳಲ್ಲಿ ಅಚ್ಚಾದ ಕೆಂಪು, ಹಸಿರು, ಕಪ್ಪು ಚುಕ್ಕಿಗಳನ್ನು. ಎಲ್ಲವೂ ಮೇಜಿನ ಮೇಲೆ ಎಲ್ಲರಿಗೂ ಕಾಣುವಂತಿರಬೇಕು, ಒಳಗೆ ಬಚ್ಚಿಟ್ಟದ್ದು ಏನೂ ಇರಬಾರದು ಎಂದು ಸಂಘಪಾಲ ಮೊದಲ ದಿನವೇ ಹೇಳಿದ್ದ. ಎಂಸಿಎ ಓದಿ, ಹೈದರಾಬಾದಿನಲ್ಲಿ ಕೆಲವು ವರ್ಷ ಇದ್ದು ತಿರುಗಿ ಬಂದವನು. ಯೋಚನೆ ಅವನದು. ಚೌಕಟ್ಟು, ತಂತಿ, ವಿದ್ಯುತ್ತು, ಸೇಡಂನ ಮಂದಿಯನ್ನು ಒಪ್ಪಿಸುವುದು ಮಹೇಶಕುಮಾರನದು. ಅವನು ಐಟಿಐಯಲ್ಲಿ ಕಲಿಸಿ ಬಂದ ಮಾಸ್ತರ, ವಯಸ್ಸಿನಲ್ಲಿ ಹಿರಿಯ, ಕೇಂದ್ರದ ಮುಖ್ಯಸ್ಥ. ಬೆಳಕು ಮೊದಲ ಸಲ ಅರಿವೆಯ ಮೇಲೆ ಸರಿಯಾಗಿ ಬಿದ್ದ ಮಧ್ಯಾಹ್ನ ಇಬ್ಬರೂ ಮಾತಿಲ್ಲದೆ ಒಂದೇ ತಟ್ಟೆಯಲ್ಲಿ ಬಜಿ ತಿಂದಿದ್ದರು. ಅದು ನೆನಪಾಯಿತು. ಅಂದು ಸಂಘಪಾಲ ಯಾಕೆ ಅಷ್ಟು ಸುಮ್ಮನಿದ್ದ ಎಂಬುದೂ ಈಗ ಹೊಸದಾಗಿ ನೆನಪಾಯಿತು.

ಕಲಬುರಗಿಯಿಂದ ಕಾಲೇಜಿನವರು ಮೇಜು ನೋಡಲು ಬಂದ ದಿನವನ್ನು ಅವನು ಮರೆತಿರಲಿಲ್ಲ. ಅವರು ಕೇಳಿದ ಪ್ರಶ್ನೆಗಳೆಲ್ಲ ಸಂಘಪಾಲನ ಕಡೆಗೇ ಹೋದವು. ಮಹೇಶಕುಮಾರ ಪ್ಲಗ್ಗು ಸಡಿಲಿದ್ದ ವಯರನ್ನು ಹಿಡಿದು ಗೋಡೆಗೆ ಆತು ನಿಂತಿದ್ದ. ಬಿಟ್ಟರೆ ಬೆಳಕು ಹೋಗುತ್ತಿತ್ತು. ಬಂದವರಲ್ಲಿ ಒಬ್ಬಳು ಹೆಣ್ಣುಮಗಳು ಹೋಗುವಾಗ ಅವನಿಗೆ, ಎಲೆಕ್ಟ್ರಿಷಿಯನ್ನರಿಗೆ ಹೇಳುವಂತೆ, ಥ್ಯಾಂಕ್ಸ್ ಅಂಕಲ್ ಎಂದಿದ್ದಳು. ಸಂಘಪಾಲ ಅದನ್ನು ಕೇಳಿಸಿಕೊಂಡು ನಕ್ಕಿದ್ದನೇ? ನಕ್ಕಿರಲಿಲ್ಲ. ನಗದೆ ಇದ್ದದ್ದೇ ಹೆಚ್ಚು ಚುಚ್ಚಿತ್ತು. ಮನೆಯಲ್ಲಿ ಹೆಂಡತಿ ಉಮಾದೇವಿಗೆ ಇದನ್ನು ಹೇಳಿದಾಗ ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಆ ಮನುಷ್ಯನ ಮೇಲೆ ನಿಮಗೆ ಸಿಟ್ಟಿಲ್ಲ, ಅವನಿಲ್ಲದೆ ನಿಮ್ಮಿಂದ ಆಗುವುದಿಲ್ಲವಲ್ಲ, ಅದರ ಮೇಲೆ ಸಿಟ್ಟು ಎಂದಳು. ಆವತ್ತು ಅವನಿಗೆ ಊಟ ರುಚಿಸಲಿಲ್ಲ.

ದಸರೆ ಕಳೆದ ಮೇಲೆ ಮೇಜು ದಾರಿ ತಪ್ಪಿತು. ಮೂವತ್ತಾರು ಇಟ್ಟರೆ ಮೂವತ್ತೆರಡು ಬೀಳುವುದು, ತೋಳಿನ ಕಾರ್ಡಿಗೆ ಕೊರಳು ಬರುವುದು. ಎಲ್ಲ ಕಾರ್ಡಿಗೂ ಹಾಗಲ್ಲ. ಬೀರುವಿನಲ್ಲಿ ಮಹೇಶಕುಮಾರನ ಸುಪರ್ದಿನಲ್ಲಿದ್ದ ಕಾರ್ಡುಗಳಿಗೆ ಮಾತ್ರ. ಸಂಘಪಾಲ ಆಮೇಲೆ ಅಚ್ಚು ಹಾಕಿಸಿ ತನ್ನ ಚೀಲದಲ್ಲಿ ಇಟ್ಟುಕೊಂಡಿದ್ದ ಕಾರ್ಡುಗಳು ಒಂದು ಸಲವೂ ತಪ್ಪುತ್ತಿರಲಿಲ್ಲ. ಹಳೆಯವನ್ನು ಬಿಟ್ಟುಬಿಡೋಣ, ಹೊಸವನ್ನೇ ಬೀರುವಿನಲ್ಲಿ ಇಡೋಣ ಎಂದು ಅವನು ಎರಡು ಮೂರು ಸಲ ಹೇಳಿದ್ದ, ಹೇಳುವಾಗ ಕಣ್ಣು ತಪ್ಪಿಸುತ್ತಿದ್ದ. ಹಳೆಯವನ್ನು ದೂರ ಮಾಡಲು ಇವನಿಗೇಕೆ ಅವಸರ? ಪ್ರೋಗ್ರಾಮು ಬರೆದವನು ಇವನು. ಇಂಥ ಕಾರ್ಡನ್ನು ಓದು, ಇಂಥದ್ದನ್ನು ತಪ್ಪು ಓದು ಎಂದು ಒಳಗೆ ಒಂದು ಸಾಲು ಬರೆದಿಟ್ಟರೆ ಯಾರಿಗೆ ತಿಳಿಯುತ್ತದೆ? ಮಾಸ್ತರರ ಕೈಗೆ ಬಂದರೆ ಕೆಡುತ್ತದೆ, ನನ್ನ ಕೈಯಲ್ಲಿ ನಡೆಯುತ್ತದೆ ಎಂದು ತೋರಿಸಿಕೊಳ್ಳುವ ಹುನ್ನಾರ. ಈ ಯೋಚನೆ ಬಂದ ಮೇಲೆ ಉಳಿದದ್ದೆಲ್ಲ ತಾನಾಗಿ ಅದಕ್ಕೆ ಹೊಂದಿಕೊಂಡಿತು. ಸಂಘಪಾಲನ ಫೋನಿಗೆ ಬರುತ್ತಿದ್ದ ಹೈದರಾಬಾದಿನ ಕರೆಗಳು, ಊಟದ ಹೊತ್ತಿನಲ್ಲಿ ಹೊರಗೆ ಹೋಗಿ ಮಾತಾಡುವುದು, ಮೇಜಿನ ಫೋಟೋ ತೆಗೆಯುವುದು. ನಿನ್ನೆ ಸಂಜೆ ಮಹೇಶಕುಮಾರ ಕೇಂದ್ರ ನಡೆಸುವ ಟ್ರಸ್ಟಿನ ಕಾರ್ಯದರ್ಶಿ ಅಂಬಾರಾಯರಿಗೆ ಫೋನು ಮಾಡಿ ಎಲ್ಲ ಹೇಳಿದ. ಹೇಳುತ್ತಾ ಹೇಳುತ್ತಾ ತನ್ನ ದನಿ ತನಗೇ ಗಟ್ಟಿಯಾಗಿ ಕೇಳಿತು. ನಾಳೆ ಮಧ್ಯಾಹ್ನ ಬರುತ್ತೇನೆ, ಅವನ ಎದುರಿಗೇ ಹೇಳು, ಹೇಳಿದರೆ ಅವತ್ತೇ ಅವನನ್ನು ಚಿಂಚೋಳಿ ಕೇಂದ್ರಕ್ಕೆ ಹಾಕುತ್ತೇನೆ ಎಂದರು ಅಂಬಾರಾಯರು. ಚಿಂಚೋಳಿಗೆ ವಾಡಿಯಿಂದ ಗಾಡಿಯಿಲ್ಲ. ಅಲ್ಲಿ ಹಳೆಯ ಹೊಲಿಗೆ ಯಂತ್ರಗಳಿವೆ, ಮೇಜಿಲ್ಲ. ಇಂಥ ಮೇಜು ಕಟ್ಟಿದವನು ಅಲ್ಲಿ ಹಾಜರಿ ತೆಗೆದುಕೊಂಡು ಕೂರಬೇಕು. ಅದು ಗೊತ್ತಿದ್ದೇ ಮಹೇಶಕುಮಾರ ಆಗಲಿ ಎಂದಿದ್ದ. ಎದುರಿಗೇ ಹೇಳಬೇಕೆಂಬುದು ಮಾತ್ರ ಅವನ ಲೆಕ್ಕದಲ್ಲಿ ಇರಲಿಲ್ಲ.

ಮೊದಲು ಬಂದವಳು ಜಾನಬಿ, ಹೊಲಿಗೆ ಕಲಿಸುವವಳು. ಬುರ್ಖಾ ತೆಗೆದು ಮೊಳೆಗೆ ಹಾಕಿ, ಚೀಲದಿಂದ ಒಂದು ರೇಷ್ಮೆಯ ಜಂಪರನ್ನು ತೆಗೆದು ಕಲ್ಲಿನ ಮೇಲೆ ಹಾಸಿದಳು. ಕುರಕುಂಟಾದ ಹೆಣ್ಣುಮಗಳೊಬ್ಬಳ ಲಗ್ನದ ಜಂಪರು. ಮುಟ್ಟಿದರೆ ಬೆರಳಿಗೆ ತಗಲುವಂಥ ನಯವಾದ ಅರಿವೆ, ಅಂಗೈಯಗಲ ಸಣ್ಣದಾಗಿ ಕತ್ತರಿಸಲ್ಪಟ್ಟದ್ದು.

"ನೋಡ್ರಿ ಮಾಸ್ತರ, ಮೂವತ್ತಾರು ಇಟ್ಟೆ, ಮೂವತ್ತೆರಡು ಬಿತ್ತು. ಕತ್ತರಿಸಿದ ಅರಿವಿ ಹಿಗ್ಗತದೇನ್ರಿ? ಇನ್ನ ಆಕಿ ಮದಿವಿ ಆಗಿ, ಮಗಳು ಹುಟ್ಟಿ, ಆ ಮಗಳು ದೊಡ್ಡಾಕಿ ಆದಾಗ ಇದರ ಉಪಯೋಗ."

ತಾನೂ ಟೇಪು ಹಚ್ಚಿ ನೋಡಬೇಕಿತ್ತು, ಬೆಳಕನ್ನು ನಂಬಿದೆ, ಅದು ತನ್ನ ತಪ್ಪು ಎಂದೂ ಆಕೆಯೇ ಹೇಳಿದಳು. ಮೂವತ್ತು ವರ್ಷ ಕತ್ತರಿ ಹಿಡಿದ ತಾನು ಓಣಿಯಲ್ಲಿ ಮುಖ ತೋರಿಸದ ಹಾಗಾಯಿತು ಎಂದಳು. ಸಿಟ್ಟಿಲ್ಲದೆ ಹೇಳಿದಳು. ಮಹೇಶಕುಮಾರನಿಗೆ ಆ ಜಂಪರು ಸಾಕ್ಷಿಯ ಹಾಗೆ ಕಂಡಿತು. ಇದನ್ನು ಇಲ್ಲೇ ಬಿಡ್ರಿ, ಮಧ್ಯಾಹ್ನ ಅಂಬಾರಾಯರು ಬರುತ್ತಾರೆ ಎಂದ. ಜಾನಬಿ ಅವನ ಮುಖವನ್ನೇ ಒಂದು ಗಳಿಗೆ ನೋಡಿದಳು. ಸೂಜಿಗೆ ದಾರ ಪೋಣಿಸುವಾಗಿನ ನೋಟ ಅದು. ಒಳಕೋಣೆಗೆ ಹೋದಳು.

ಸಂಘಪಾಲ ಬಂದಾಗ ಅವನ ಅಂಗಿಯ ಬೆನ್ನು ಬೆವರಿಗೆ ಅಂಟಿತ್ತು. ಗಾಡಿಯಲ್ಲಿ ಗದ್ದಲ ಎಂದ. ಯಾಕೆ ಹೇಳುತ್ತಿದ್ದಾನೆ, ತಾನು ಕೇಳಿರಲಿಲ್ಲವಲ್ಲ ಎಂದುಕೊಂಡ ಮಹೇಶಕುಮಾರ. ಜಂಪರನ್ನು ಎತ್ತಿ ತೋರಿಸಿದ. ಸಂಘಪಾಲ ಅದನ್ನು ಮುಟ್ಟಲಿಲ್ಲ, ಆದರೆ ಅವನ ಮುಖ ಇಳಿಯಿತು. ಚೀಲದಿಂದ ತನ್ನ ಮೂವತ್ತಾರರ ಕಾರ್ಡು ತೆಗೆದು ಮೇಜಿನ ಮೇಲಿಟ್ಟ. ಗೆರೆ ಸರಿಯಾಗಿ ಬಿತ್ತು. ಮಹೇಶಕುಮಾರ ಬೀರುವಿನಿಂದ ತನ್ನದನ್ನು ತಂದು ಅದೇ ಜಾಗದಲ್ಲಿಟ್ಟ. ಗೆರೆ ನಡುಗಿ, ಒಳಕ್ಕೆ ಸರಿದು, ಸಣ್ಣದಾಯಿತು. ಅಂಕಿ ಒಂದೇ, ಮೇಜು ಒಂದೇ. ಇದಕ್ಕಿಂತ ಸ್ಪಷ್ಟವಾಗಿ ಇನ್ನೇನು ಬೇಕು ಎಂದುಕೊಂಡ ಮಹೇಶಕುಮಾರ. ಹೊಸವನ್ನೇ ಇಟ್ಟುಬಿಡೋಣ ಸರ್ ಎಂದು ಸಂಘಪಾಲ ಮತ್ತೆ ಅದೇ ಮಾತು ಹೇಳಿದ. ಹಳೆಯ ಕಾರ್ಡಿನ ಕಡೆಗೆ ಕೈ ಚಾಚಿದ, ಮುಟ್ಟುವ ಮೊದಲೇ ಕೈ ಹಿಂದಕ್ಕೆ ತೆಗೆದುಕೊಂಡ. ಆ ಕೈ ಹಿಂದೆ ಸರಿದದ್ದನ್ನು ಮಹೇಶಕುಮಾರ ನೋಡಿದ. ಕಳ್ಳನ ಕೈ ಹೀಗೇ ಸರಿಯುತ್ತದೆ ಅನ್ನಿಸಿತು. ಬೇಡ, ಇವೇ ಇರಲಿ ಎಂದ. ಸಂಘಪಾಲ ಚಹಾ ತರುತ್ತೇನೆ ಎಂದು ಹೊರಗೆ ಹೋದ.

ಅವನು ಬೀದಿ ದಾಟುವುದನ್ನು ಕಿಟಕಿಯಿಂದ ನೋಡಿ ಖಾತ್ರಿ ಮಾಡಿಕೊಂಡು ಮಹೇಶಕುಮಾರ ಲ್ಯಾಪ್‌ಟಾಪಿನ ಮುಂದೆ ಕೂತ. ಪ್ರೋಗ್ರಾಮಿನ ಸಾಲುಗಳು ಅವನಿಗೆ ಅರ್ಧ ತಿಳಿಯುತ್ತಿದ್ದವು, ಅರ್ಧ ತಿಳಿಯುತ್ತಿರಲಿಲ್ಲ. ತಿಳಿಯದ ಅರ್ಧದಲ್ಲೇ ಅದು ಇರಬೇಕು. ಹುಡುಕಿದ. ಸಿಗಲಿಲ್ಲ. ಕ್ಯಾಮೆರಾ ಏನು ನೋಡುತ್ತದೋ ಅದನ್ನೇ ಪರದೆಯ ಮೇಲೆ ತೋರಿಸುವ ಒಂದು ಕಿಂಡಿ ಇತ್ತು. ಅದನ್ನು ತೆರೆಯುವುದನ್ನು ಸಂಘಪಾಲನೇ ಕಲಿಸಿದ್ದ. ತೆರೆದು ಹಿಗ್ಗಿಸಿದ. ಕಾರ್ಡಿನ ಮೂಲೆ ತಟ್ಟೆಯಷ್ಟು ದೊಡ್ಡದಾಗಿ ಬಂತು. ಹಸಿರು, ಕಪ್ಪು, ಕೆಂಪು. ಅದರ ಪಕ್ಕದಲ್ಲಿ, ಅಚ್ಚಿನವಷ್ಟೇ ದುಂಡಗೆ ಅಲ್ಲದ, ಅಂಚು ಹರಡಿದ, ಇನ್ನೊಂದು ಕೆಂಪು. ಸಿಕ್ಕಿತು. ಪ್ರೋಗ್ರಾಮಿನಲ್ಲಿ ಅಲ್ಲ, ಕಾರ್ಡಿನಲ್ಲೇ. ಯಾರೋ ಕೈಯಾರೆ ಇಟ್ಟ ಚುಕ್ಕಿ. ಮೇಜಿಗೆ ಹೋಗಿ ಕಾರ್ಡು ಎತ್ತಿಕೊಂಡ. ಬೀರುವಿನ ಉಳಿದ ಕಾರ್ಡುಗಳನ್ನೂ ತಂದು ಹರಡಿದ. ಬಹಳಷ್ಟಕ್ಕೆ ಅದೇ ಮೂಲೆಯಲ್ಲಿ ಅದೇ ಕೆಂಪು. ಎಷ್ಟು ಸಲ ಇವುಗಳನ್ನು ಕೈಯಲ್ಲಿ ಹಿಡಿದಿದ್ದ, ಬೆಳಕಿಗೆ ಹಿಡಿದು ನೋಡಿದ್ದ, ಕಂಡೇ ಇರಲಿಲ್ಲ. ಅಂಬಾರಾಯರ ಮುಂದೆ ಇದನ್ನು ಹೇಗೆ ಹಿಡಿಯಬೇಕು, ಯಾವ ಮಾತಿನಿಂದ ಶುರು ಮಾಡಬೇಕು ಎಂದು ಯೋಚಿಸುತ್ತಾ, ಇದು ಸ್ಕೆಚ್ ಪೆನ್ನೋ ಬಣ್ಣವೋ ನೋಡಲು ಉಂಗುರ ಬೆರಳಿನಿಂದ ಚುಕ್ಕಿಯನ್ನು ತಿಕ್ಕಿದ. ಪುಡಿ ಬೆರಳಿಗೆ ಬಂತು. ಬಂದದ್ದೇ ತಡ, ಬೆರಳು ಅವನನ್ನು ಕೇಳದೆ ಮೇಲೆ ಹೋಗಿ, ಹುಬ್ಬುಗಳ ನಡುವೆ, ವಿಭೂತಿಯ ಕೆಳಗೆ ಒರೆಸಿಕೊಂಡಿತು.

ಕೈ ಹಣೆಯ ಮೇಲೆ ಹಾಗೇ ನಿಂತಿತು. ದಸರೆಯ ಖಂಡೇಪೂಜೆ, ಆಯುಧಪೂಜೆಯ ದಿನ. ಹೊಲಿಗೆ ಯಂತ್ರಗಳು, ಕತ್ತರಿಗಳು, ಟೇಪುಗಳು, ಇಸ್ತ್ರಿ, ಪ್ರೊಜೆಕ್ಟರಿನ ರಿಮೋಟು ಕೂಡ ಸಾಲಾಗಿ ಕಲ್ಲಿನ ಮೇಲೆ. ಇವನು ತಟ್ಟೆ ಹಿಡಿದು ಒಂದೊಂದಕ್ಕೂ ವಿಭೂತಿ, ಕುಂಕುಮ ಹಚ್ಚುತ್ತಾ ಬಂದಿದ್ದ. ಸಾಲಿನ ಕೊನೆಗೆ ಕಾರ್ಡಿನ ಕಟ್ಟು. ಅದೂ ಆಯುಧವೇ ಅಲ್ಲವೇ. ವಿಭೂತಿಯ ಒದ್ದೆ ಬೆರಳಿಗೆ ಕಾಗದ ಸುಕ್ಕುಗಟ್ಟೀತೆಂದು ಅದನ್ನು ಬಿಟ್ಟು, ಅಂಕಿ ಮಾಸದಿರಲಿ ಎಂದು ಮೂಲೆ ನೋಡಿ, ಒಂದೊಂದನ್ನು ಸರಿಸುತ್ತಾ ಒಣ ಕುಂಕುಮದ ಬೊಟ್ಟು ಇಟ್ಟಿದ್ದ. ಇಟ್ಟದ್ದು ನೆನಪಿರಲಿಲ್ಲ ಎಂದಲ್ಲ. ಅದು ಮಾಡಿದ ಕೆಲಸ ಎಂದು ಯಾವತ್ತೂ ಅನ್ನಿಸಿರಲಿಲ್ಲ. ಬಾಗಿಲಿಗೆ, ಬಾವಿಗೆ, ಮೋಟಾರು ಸೈಕಲ್ಲಿಗೆ, ತಾಲೂಕು ಕಚೇರಿಯ ಕಪಾಟಿಗೆ ಹುಟ್ಟಿದಾಗಿನಿಂದ ಕಂಡ ಕುಂಕುಮ, ಕಣ್ಣಿಗೆ ಕುಂಕುಮವಾಗಿ ಕಾಣುವುದೇ ನಿಂತುಹೋಗಿತ್ತು. ಆವತ್ತು ಸಂಘಪಾಲ ಬಾಗಿಲ ಹೊರಗೆ ಚಪ್ಪಲಿಗಳ ಬಳಿ ನಿಂತಿದ್ದ. ಒಳಗೆ ಬನ್ನಿ ಎಂದು ಇವನು ಒಮ್ಮೆ ಕರೆದಿದ್ದ, ಒಮ್ಮೆ ಮಾತ್ರ. ಅವನು ಬರದೆ ಇದ್ದದ್ದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ.

ಸಂಘಪಾಲ ಚಹಾದ ಲೋಟಗಳನ್ನು ಹಿಡಿದು ಬಂದವನು ಹರಡಿದ ಕಾರ್ಡುಗಳನ್ನು ನೋಡಿದ, ಮಹೇಶಕುಮಾರನ ಹಣೆಯನ್ನು ನೋಡಿದ. ಲೋಟಗಳನ್ನು ಮೇಜಿನ ಮೇಲಲ್ಲ, ಕಿಟಕಿಯ ಕಟ್ಟೆಯ ಮೇಲಿಟ್ಟ. ನಿಮಗೆ ಗೊತ್ತಿತ್ತೇ ಎಂದು ಮಹೇಶಕುಮಾರ ಕೇಳಿದ.

"ಮೊದಲನೇ ವಾರದಾಗೇ ಗೊತ್ತಾತ್ರಿ ಸರ್."

"ಮತ್ತ ಯಾಕ ಒರಸಲಿಲ್ಲ? ಹೇಳಲಿಲ್ಲ ಯಾಕ?"

"ನೀವು ಪೂಜಿ ಮಾಡಿದ ಕುಂಕುಮ ನಾ ಒರಸಬೇಕೇನ್ರಿ?" ಸಂಘಪಾಲ ದನಿ ಏರಿಸಲಿಲ್ಲ. "ಹೋದ ವರ್ಷ ಸುಣ್ಣ ಹಚ್ಚುವಾಗ ದೇವರ ಫೋಟೋ ಇಳಿಸಿ ನೆಲದ ಮ್ಯಾಲ ಇಟ್ಟೆ ಅಂತ ಏನೇನ್ ಮಾತು ಬಂತು, ನೀವೂ ಕೇಳೀರಿ. ಕುಂಕುಮದಿಂದ ಕೆಟ್ಟದ ಅಂತ ನನ್ನ ಬಾಯಿಲೆ ಬಂದಿದ್ರ, ಅದು ಕಾರ್ಡಿನ ಮಾತಾಗಿ ಉಳೀತಿತ್ತೇನ್ರಿ? ಅದಕ್ಕ ಹೊಸಾವು ಮಾಡಿಸಿದೆ. ಹೊಸಾವು ಇಡೋಣು ಅಂದೆ."

ಮಹೇಶಕುಮಾರ ಚಹಾದ ಲೋಟ ತೆಗೆದುಕೊಂಡ. ಬಿಸಿಯಿತ್ತು, ತುಟಿಗೆ ಹಿಡಿದೇ ಇದ್ದ. ಜಂಪರು ಹಾಳಾಗುವ ತನಕ ಸುಮ್ಮನಿರಬೇಕಿತ್ತೇ ಎಂದು ಕೇಳಬಹುದಿತ್ತು. ಅದು ತನಗಿಂತ ಹೆಚ್ಚು ಸಂಘಪಾಲನನ್ನೇ ತಿನ್ನುತ್ತಿದೆ ಎಂಬುದು ಅವನ ಮುಖದಲ್ಲೇ ಇತ್ತು. ನಿನ್ನೆ ಸಂಜೆಯ ಫೋನಿನ ಮಾತು ಇವನಿಗೆ ಈಗಲೇ ಹೇಳಿಬಿಡಬೇಕು, ಅಂಬಾರಾಯರು ಬರುವ ಮೊದಲೇ. ಹೇಳುವ ಮಾತುಗಳನ್ನು ಜೋಡಿಸಿಕೊಳ್ಳುತ್ತಿದ್ದಂತೆ ಹುಡುಗಿಯರು ಕ್ಲಾಸಿಗೆ ಬಂದರು, ಯಂತ್ರಗಳ ಸದ್ದು ಎದ್ದಿತು, ಸಂಘಪಾಲ ಯಾರದೋ ಬಾಬಿನ್ ಸಿಕ್ಕಿಕೊಂಡದ್ದನ್ನು ಬಿಡಿಸಲು ಹೋದ. ಆಮೇಲೆ ಹೇಳಿದರಾಯಿತು ಎಂದುಕೊಂಡ. ಆ ಆಮೇಲೆ ಮಧ್ಯಾಹ್ನದ ತನಕ ಬರಲಿಲ್ಲ. ಬರದ ಹಾಗೆ ಅವನೇ ನೋಡಿಕೊಂಡ.

ಅಂಬಾರಾಯರು ಬಂದಾಗ ಹುಡುಗಿಯರು ಊಟಕ್ಕೆ ಹೋಗಿದ್ದರು. ಕುರ್ಚಿಯಲ್ಲಿ ಕೂತು, ಹೆಗಲ ಮೇಲಿನ ಟವೆಲಿನಿಂದ ಕುತ್ತಿಗೆ ಒರೆಸಿಕೊಂಡು, ನಡೆಯಲಿ ಎಂಬಂತೆ ಮಹೇಶಕುಮಾರನ ಕಡೆ ನೋಡಿದರು. ಸಂಘಪಾಲ ಲ್ಯಾಪ್‌ಟಾಪಿನ ಬಳಿ, ಜಾನಬಿ ಒಳಕೋಣೆಯ ಬಾಗಿಲಲ್ಲಿ. ಮಹೇಶಕುಮಾರ ಎದ್ದು ನಿಂತ. ತಪ್ಪು ತನ್ನದೆಂದು ಹೇಳಲು ನಿರ್ಧರಿಸಿಕೊಂಡಿದ್ದ, ಹೇಳಿದ ಕೂಡ.

"ಮೇಜಿಂದು ತಪ್ಪು ಸಿಕ್ತರಿ. ಖಂಡೇಪೂಜಿ ದಿನ ಕಾರ್ಡಿಗಿ ನಾನೇ ಕುಂಕುಮ ಹಚ್ಚಿದ್ದೆ. ಕ್ಯಾಮೆರಾ ಅದನ್ನೂ ಚುಕ್ಕಿ ಅಂತ ಓದಲಿಕತ್ತಿತ್ತು. ಸಂಘಪಾಲಗ ಮೊದಲೇ ತಿಳಿದಿತ್ತು, ಪಾಪ, ಹೇಳಲಿಕ್ಕ ಆಗಿಲ್ಲ."

ಅಂಬಾರಾಯರು ಟವೆಲು ಮಡಚುವುದನ್ನು ನಿಲ್ಲಿಸಿದರು. "ಕುಂಕುಮ ಹಚ್ಚೋದು ತಪ್ಪೇನಪ? ಗೊತ್ತಿದ್ದೂ ಬಾಯಿ ಮುಚಗೊಂಡು ಕುಂತನಲ್ಲ, ಅದು ತಪ್ಪು. ನಿನ್ನಿ ಫೋನಿನ್ಯಾಗ ನೀ ಹೇಳಿದ್ದೇ ಖರೇ ಆತು. ಬೇಕಂತಲೇ ಮಾಡ್ಯಾನ. ಹೋಗಲಿ ಚಿಂಚೋಳಿಗಿ."

ಸಂಘಪಾಲ ತಲೆ ಎತ್ತಿದ. ಅವನು ಅಂಬಾರಾಯರನ್ನು ನೋಡಲಿಲ್ಲ. ನಿನ್ನಿ, ಫೋನು ಎಂಬ ಎರಡು ಮಾತುಗಳು ಅವನೊಳಗೆ ಇಳಿಯುವುದು ಮಹೇಶಕುಮಾರನಿಗೆ ಕಂಡಿತು. ತಾನು ಕಡೆಗೆ ಸೇರಿಸಿದ ಆ ಒಂದು ವಾಕ್ಯ ಹೇಳದಿದ್ದರೂ ಆಗುತ್ತಿತ್ತು. ತಾನು ಹಚ್ಚಿದೆ ಎಂಬಲ್ಲಿಗೆ ನಿಲ್ಲಿಸಬಹುದಿತ್ತು. ಅವನ ಪರವಾಗಿ ಹೇಳಿದೆನೆಂದುಕೊಂಡಿದ್ದ, ಆದರೆ ಅದು ಅವನ ಕೊರಳಿಗೇ ಹೋಗಿ ಬಿದ್ದಿತ್ತು. ಬೀಳುತ್ತದೆಂದು ನಾಲಗೆಗೆ ಗೊತ್ತಿತ್ತೇ? ಪಾಪ ಎಂಬ ಮಾತು ಎಲ್ಲಿಂದ ಬಂತು? ಇಷ್ಟು ದಿನ ಇನ್ನೊಬ್ಬನ ಕೈಯನ್ನು ಕಾದು ನೋಡಿದವನಿಗೆ ಈಗ ತನ್ನ ಬಾಯಿಯನ್ನೇ ನಂಬಲಾಗಲಿಲ್ಲ.

"ಆ ಕುಂಕುಮ ನಾನೂ ನೋಡೀನ್ರಿ ಸಾವ್ಕಾರ," ಎಂದಳು ಜಾನಬಿ, ಬಾಗಿಲಿನಿಂದಲೇ. "ಅದರಿಂದ ಕೆಡ್ತದ ಅಂತ ಗೊತ್ತಿರಲಿಲ್ಲ. ಗೊತ್ತಿದ್ದರೂ ನಾ ಒರಸ್ತಿರಲಿಲ್ಲ, ಬಾಯೀನೂ ತೆಗೀತಿರಲಿಲ್ಲ. ಯಾಕ ಅಂತ ನಿಮಗ ನಾ ಬಿಡಿಸಿ ಹೇಳಬೇಕೇನ್ರಿ? ಚಿಂಚೋಳಿಗಿ ಕಳಸೋದಿದ್ರ ನಮ್ಮಿಬ್ಬರನ್ನೂ ಕಳಸ್ರಿ. ಒಂದೇ ಬಸ್ಸಿನ್ಯಾಗ ಹೋಗತೀವಿ."

ಅಂಬಾರಾಯರು ನಗಲು ನೋಡಿದರು. ಅವರು ಕೆಟ್ಟವರಲ್ಲ. ಬಿಡಿಸಲಾಗದ ಗಂಟನ್ನು ಇನ್ನೊಬ್ಬರ ಕೈಗೆ ಕೊಡುವುದು ಅವರಿಗೆ ಗೊತ್ತಿತ್ತು. ನಿನ್ನ ಕೇಂದ್ರ, ನೀನೇ ಹೇಳು ಮಹೇಶ, ಇವನು ಇರಬೇಕೋ ಹೋಗಬೇಕೋ ಎಂದರು. ನಿನ್ನೆ ತಾನು ಹೇಳಿದ್ದು ಸುಳ್ಳು, ಅದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂಬ ಮಾತು ಮಹೇಶಕುಮಾರನ ಗಂಟಲಿನಲ್ಲಿ ಇತ್ತು. ಹೊರಗೆ ಬಂದದ್ದು ಬೇರೆ.

"ಇರಲಿರಿ. ಇವರಿಲ್ಲದ ಮೇಜು ನಡೆಯೋದಿಲ್ಲ."

ಅದೂ ಸುಳ್ಳಲ್ಲ. ಆದರೆ ಬೇಕಾದ ಸತ್ಯ ಅದಲ್ಲ ಎಂದು ಕೋಣೆಯಲ್ಲಿದ್ದ ನಾಲ್ವರಿಗೂ ಗೊತ್ತಿತ್ತು. ಅಂಬಾರಾಯರು ಎದ್ದರು. ಕುರಕುಂಟಾದವರಿಗೆ ಜಂಪರಿನ ಅರಿವೆ ಟ್ರಸ್ಟಿನಿಂದ ಕೊಡಿಸುವುದಾಗಿ ಜಾನಬಿಗೆ ಹೇಳಿ, ಚಪ್ಪಲಿ ಮೆಟ್ಟಿಕೊಂಡು ಹೋದರು. ಜಾನಬಿ ಒದ್ದೆ ಅರಿವೆಯೊಂದನ್ನು ತಂದು, ಯಾರ ಕೈಗೂ ಕೊಡದೆ, ಕಾರ್ಡುಗಳ ಪಕ್ಕದಲ್ಲಿಟ್ಟು ಒಳಗೆ ಹೋದಳು. ಮಹೇಶಕುಮಾರ ಕೂತು ಒಂದೊಂದೇ ಕಾರ್ಡನ್ನು ಒರೆಸತೊಡಗಿದ. ಕುಂಕುಮ ಹೋಗುತ್ತಿತ್ತು, ಕಾಗದದೊಳಗೆ ಇಳಿದ ಗುಲಾಬಿ ಕಲೆ ಹೋಗುತ್ತಿರಲಿಲ್ಲ. ಕ್ಷಮಿಸಿ ಎನ್ನಬೇಕು. ಈ ಕಾರ್ಡು ಮುಗಿಯಲಿ, ಮುಂದಿನದು ಮುಗಿಯಲಿ. ಬೆನ್ನ ಹಿಂದೆ ಸಂಘಪಾಲ ಲ್ಯಾಪ್‌ಟಾಪಿನಲ್ಲಿ ಏನೋ ಬರೆಯುತ್ತಿದ್ದ. ಕೀಲಿಗಳ ಸದ್ದು ವೇಗವಾಗಿತ್ತು, ನಿಲ್ಲುತ್ತಿತ್ತು, ಮತ್ತೆ ವೇಗವಾಗುತ್ತಿತ್ತು. ಮಹೇಶಕುಮಾರನ ಕೈ ಕಾರ್ಡಿನ ಮೇಲೆ ನಿಧಾನವಾಯಿತು. ಏನು ಬರೆಯುತ್ತಿದ್ದಾನೆ? ಫೋನಿನ ಮಾತು ತಿಳಿದ ಮೇಲೆ, ಈಗ, ಇಷ್ಟು ಅವಸರದಲ್ಲಿ?

"ಏನ್ ಮಾಡಾಕತ್ತೀರಿ?"

ಕೇಳಿದ ಮೇಲೆಯೇ ಅವನಿಗೆ ತನ್ನ ದನಿ ಕೇಳಿಸಿದ್ದು. ಸದ್ದು ನಿಂತಿತು. ಸಂಘಪಾಲ ಲ್ಯಾಪ್‌ಟಾಪನ್ನು ಅವನ ಕಡೆಗೆ ತಿರುಗಿಸಿಟ್ಟ, ಪರದೆ ಪೂರ್ತಿ ಕಾಣುವ ಹಾಗೆ. ಕಾರ್ಡಿನ ಚುಕ್ಕಿಗಳಿಂದ ಕೆಂಪನ್ನು ಪೂರ್ತಿಯಾಗಿ ತೆಗೆಯುತ್ತಿದ್ದೇನೆ ಎಂದ. ಮುಂದಿನ ಖಂಡೇಪೂಜೆಗೆ ನೀವು ಹಚ್ಚಿಯೇ ಹಚ್ಚುತ್ತೀರಿ, ಹಚ್ಚಿರಿ, ಕ್ಯಾಮೆರಾ ಕೆಂಪನ್ನು ನೋಡುವುದೇ ಇಲ್ಲ, ಯಾರೂ ಯಾವುದನ್ನೂ ಒರೆಸಬೇಕಾಗುವುದಿಲ್ಲ ಎಂದ. ಕೆಂಪಿನ ಜಾಗದಲ್ಲಿ ಬೇರೆ ಬಣ್ಣ ಇಟ್ಟಿದ್ದ. ಹೊಸ ಕಾರ್ಡಿನ ಮಾದರಿ ಪರದೆಯ ಮೇಲಿತ್ತು. ಹಸಿರು, ಕಪ್ಪು, ನೀಲಿ.

ಮಹೇಶಕುಮಾರ ಆ ನೀಲಿಯನ್ನು ನೋಡಿದ. ಏಪ್ರಿಲಿನಲ್ಲಿ ಜಯಂತಿಯ ದಿನ ವಾಡಿಯ ಸ್ಟೇಷನ್ನಿನಿಂದ ಕ್ವಾರ್ಟರ್ಸಿನ ತನಕ ಸಂಘಪಾಲನ ಮಂದಿ ಕಟ್ಟುವ ಬಾವುಟಗಳಲ್ಲಿ ಹಾರುವ ನೀಲಿ. ಬೇರೆ ಬಣ್ಣ ಇಡಬಹುದಿತ್ತು, ಹಳದಿ ಇತ್ತು, ಕಂದು ಇತ್ತು. ಕ್ಯಾಮೆರಾಕ್ಕೆ ಬಿಳಿಯ ಮೇಲೆ ನೀಲಿ ಚೆನ್ನಾಗಿ ಕಾಣುತ್ತದೆ, ಅಷ್ಟೇ ಇರಬೇಕು. ಅಷ್ಟೇ ಇರಲಿಕ್ಕಿಲ್ಲ. ಕೇಳಬಾರದು ಎಂದು ಗೊತ್ತಿತ್ತು, ಈ ದಿನವಾದರೂ ಕೇಳಬಾರದು. ಬಾಯಿ ಆಗಲೇ ಸ್ವಲ್ಪ ತೆರೆದಿತ್ತು. ಮುಚ್ಚಿಕೊಂಡ. ತಲೆ ಬಗ್ಗಿಸಿ ಕಾರ್ಡನ್ನು ಒರೆಸಿದ, ಒರೆಸಿದ್ದನ್ನೇ ಮತ್ತೆ ಒರೆಸಿದ. ಸಂಘಪಾಲ ಕೀಲಿಗಳ ಮೇಲಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಕೇಳ್ರಿ ಸರ್," ಎಂದ.